ವೈದ್ಯರ ಚೀಟಿಯ ಹಿಂಬದಿ

ನಮ್ಮ ಹಿಂದಿನ ಬೀದಿಯಲ್ಲಿ ಹೂ ಮಾರುವ ಅಜ್ಜಿಯೊಬ್ಬರಿದ್ದಾರೆ. ಸಕ್ಕರೆ ಕಾಯಿಲೆ ಹಿಡಿದು ಹತ್ತು ವರ್ಷದ ಮೇಲಾಯಿತು. ಗುಳಿಗೆಗೆ ಬಗ್ಗದೆ ಹೋದದ್ದರಿಂದ ಇನ್ಸುಲಿನ್ ಶುರುವಾಯಿತು. ಆದರೂ ತಿಂಗಳ ತಪಾಸಣೆಗೆ ಹೋದಾಗಲೆಲ್ಲ ಅಂಕಿ ಮುನ್ನೂರರ ಆಚೆಗೇ ನಿಲ್ಲುತ್ತಿತ್ತು. ವೈದ್ಯರು ಪ್ರತಿ ಸಲ ಎರಡು ಯೂನಿಟ್ ಏರಿಸಿ, ಕೆಳಗೆ ‘ಪಥ್ಯ, ನಡಿಗೆ’ ಎಂದು ಬರೆದು, ‘ಸರಿಯಾಗಿ ಚುಚ್ಚಿಕೊಳ್ಳಬೇಕಮ್ಮ’ ಎಂದು ಗದರಿ ಕಳುಹಿಸುತ್ತಿದ್ದರು. ಹೊರಗೆ ಇನ್ನೂ ಎಂಬತ್ತು ಜನ ಕಾಯುತ್ತಿದ್ದರೆ ಅವರಾದರೂ ಇನ್ನೇನು ಮಾಡಿಯಾರು? ಅಜ್ಜಿ ತಲೆಯಾಡಿಸಿ ಮನೆಗೆ ಬರುತ್ತಿದ್ದರು.

ಅಜ್ಜಿ ಏಳುವುದು ಬೆಳಗಿನ ಜಾವ ನಾಲ್ಕಕ್ಕೆ. ನಾಲ್ಕೂವರೆಯ ಟೆಂಪೊದಲ್ಲಿ ಸಗಟು ಮಾರುಕಟ್ಟೆಗೆ ಹೋಗಿ, ಹೂ ಕೊಂಡು, ಹೊತ್ತು ತಂದು, ದೇವಸ್ಥಾನದ ಮೂಲೆಯಲ್ಲಿ ಕೂತು ಕಟ್ಟಿ ಮಾರುತ್ತಾರೆ. ಹೊಟ್ಟೆಗೆ ಏನಾದರೂ ಬೀಳುವುದು ಹತ್ತು ಗಂಟೆ ದಾಟಿದ ಮೇಲೆ. ಚೀಟಿಯಲ್ಲಿ ‘ಬೆಳಗಿನ ತಿಂಡಿಗೆ ಮುಂಚೆ’ ಎಂದಿದ್ದ ಸೂಜಿಯನ್ನು ಅವರು ಮನೆ ಬಿಡುವ ಮುಂಚೆಯೇ ಚುಚ್ಚಿಕೊಳ್ಳುತ್ತಿದ್ದರು. ಏಳು ಗಂಟೆಯ ಹೊತ್ತಿಗೆ ಮೈಯೆಲ್ಲ ಬೆವತು ಕೈ ನಡುಗುತ್ತಿತ್ತು. ಒಂದು ದಿನ ಚೆಂಡುಹೂವಿನ ಮೂಟೆಯ ಮೇಲೆಯೇ ಕುಸಿದರು. ಅಂದಿನಿಂದ ವಾರದಲ್ಲಿ ನಾಲ್ಕು ದಿನ ಸೂಜಿಗೆ ರಜೆ. ವೈದ್ಯರು ಪ್ರಮಾಣ ಏರಿಸಿದಷ್ಟೂ ನಡುಕ ಹೆಚ್ಚಿತು, ನಡುಕ ಹೆಚ್ಚಿದಷ್ಟೂ ರಜೆಯೂ ಹೆಚ್ಚಿತು. ಅದರ ಮೇಲೆ, ಇನ್ಸುಲಿನ್ ಇಡಲು ಮನೆಯಲ್ಲಿ ಫ್ರಿಜ್ ಇರಲಿಲ್ಲ. ಅದು ಎದುರು ಮನೆಯವರ ಫ್ರಿಜ್‌ನಲ್ಲಿತ್ತು. ಅವರು ಊರಿಗೆ ಹೋದರೆ ಔಷಧಕ್ಕೂ ಬೀಗ.

ಇದೆಲ್ಲ ಹೊರಬಿದ್ದದ್ದು ಆಸ್ಪತ್ರೆಯಲ್ಲಿ ಅಲ್ಲ. ಸಮೀಕ್ಷೆಗೆ ಬಂದಿದ್ದ ಆಶಾ ಕಾರ್ಯಕರ್ತೆ ಜಗುಲಿಯ ಮೇಲೆ ಕೂತು, ‘ಬೆಳಿಗ್ಗೆ ಎದ್ದ ಮೇಲೆ ಏನೇನು ಮಾಡುತ್ತೀರಿ, ಒಂದೊಂದಾಗಿ ಹೇಳಿ’ ಎಂದು ಕೇಳಿದರು. ಆವರೆಗೆ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

ಈ ಲೇಖನ ಆ ಒಂದು ಪ್ರಶ್ನೆಯ ಬಗ್ಗೆ, ಅದರ ಉತ್ತರ ಸಿಕ್ಕ ಮೇಲೆ ಮಾಡಬೇಕಾದ ಓಡಾಟದ ಬಗ್ಗೆ. ಹೊರದೇಶಗಳಲ್ಲಿ ಅದಕ್ಕೊಂದು ಹುದ್ದೆಯೇ ಇದೆ. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ ಈ ಕೆಲಸವನ್ನು ಎರಡು ಹೆಸರಿನವರು ಹಂಚಿಕೊಂಡಿದ್ದಾರೆ: ಹೆಲ್ತ್ ಕೋಚ್ ಮತ್ತು ಲಿಂಕ್ ವರ್ಕರ್. ನಮ್ಮಲ್ಲಿ ಹೆಲ್ತ್ ಕೋಚ್ ಎಂದೊಡನೆ ತೂಕ ಇಳಿಸುವ ಪುಡಿ ಮಾರಲು ಬರುವ ಪರಿಚಿತರು ಕಣ್ಣೆದುರು ಬರುತ್ತಾರೆ. ದಯವಿಟ್ಟು ಅವರನ್ನು ಮರೆತು ಮುಂದೆ ಓದಿ. ಇಲ್ಲಿ ಕೋಚ್ ಎಂದರೆ ರೋಗಿ ತನ್ನ ಕಾಯಿಲೆಯನ್ನು ತಾನೇ ಸಂಭಾಳಿಸುವಂತೆ ಪಕ್ಕದಲ್ಲಿ ನಿಂತು ಪಳಗಿಸುವವರು. ಲಿಂಕ್ ವರ್ಕರ್ ಎಂದರೆ ಆಸ್ಪತ್ರೆಯ ಗೋಡೆಯ ಹೊರಗಿರುವ ನೆರವಿಗೆ, ಅಂದರೆ ಪಡಿತರಕ್ಕೆ, ಪಿಂಚಣಿಗೆ, ಕಾನೂನು ಸಲಹೆಗೆ, ನೆರೆಯ ಭಜನಾ ಮಂಡಳಿಗೆ ಕೊಂಡಿ ಹಾಕಿಕೊಡುವವರು. ಕಾಗದದ ಮೇಲೆ ಇವು ಎರಡು ಕೆಲಸ. ಅಜ್ಜಿಯ ಜಗುಲಿಯ ಮೇಲೆ ಕೂತರೆ ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಗುತ್ತದೆಂದು ಹೇಳಲಾಗದು.

ಕೋಚ್‌ನ ಕಸುಬು ಮೇಲ್ನೋಟಕ್ಕೆ ಬರೀ ಮಾತು. ಆದರೆ ಅದು ನಮ್ಮ ಅಭ್ಯಾಸಕ್ಕೆ ತೀರಾ ವಿರುದ್ಧವಾದ ಮಾತು. ಕಾಯಿಲೆಯವರನ್ನು ಕಂಡರೆ ಉಪದೇಶ ಮಾಡದೆ ಇರುವುದು ನಮಗೆ ಕಷ್ಟ. ಇಲ್ಲಿ ಉಪದೇಶಕ್ಕೆ ಕಡಿವಾಣ, ಪ್ರಶ್ನೆಗೆ ಜಾಗ. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ 1983ರಲ್ಲಿ, ಕುಡಿತ ಬಿಡಲು ಹೆಣಗುವವರೊಡನೆ ಹೇಗೆ ಮಾತಾಡಬೇಕೆಂದು ವಿವರಿಸುತ್ತಾ ಈ ಬಗೆಯ ಸಂಭಾಷಣೆಗೊಂದು ರೂಪ ಕೊಟ್ಟರು. ಅದರ ತಿರುಳು ಇಷ್ಟು: ಒತ್ತಾಯಿಸಿದಷ್ಟೂ ಎದುರಿನವರು ತಮ್ಮ ಹಳೆಯ ಚಾಳಿಯ ಪರವಾಗಿಯೇ ವಾದಿಸುತ್ತಾರೆ. ಬದಲಾಗಬೇಕಾದ ಕಾರಣ ಅವರ ಬಾಯಿಂದಲೇ ಬಂದರೆ ಮಾತ್ರ ಅದು ಅವರದಾಗುತ್ತದೆ. ಒಂದು ಸಣ್ಣ ಉಪಾಯವನ್ನು ನೋಡಿ. ‘ದಿನಾ ಅರ್ಧ ಗಂಟೆ ನಡೆಯಬಲ್ಲೆ ಎಂಬ ಧೈರ್ಯ ನಿಮಗೆ ಹತ್ತರಲ್ಲಿ ಎಷ್ಟಿದೆ?’ ಎಂದು ಕೇಳುತ್ತಾರೆ. ‘ನಾಲ್ಕು’ ಎಂದು ಉತ್ತರ ಬಂತೆನ್ನಿ. ನಾವಾದರೆ ‘ನಾಲ್ಕೇ ಏಕೆ, ಎಂಟು ಏಕಿಲ್ಲ’ ಎಂದು ಜಗ್ಗಾಡುತ್ತೇವೆ. ತರಬೇತಾದವರು ‘ಎರಡು ಏಕಲ್ಲ, ನಾಲ್ಕು ಏಕೆ?’ ಎನ್ನುತ್ತಾರೆ. ಆಗ ಎದುರಿನವರು ತಮ್ಮಿಂದ ಆಗುವುದನ್ನು ಹುಡುಕಲು ತೊಡಗುತ್ತಾರೆ: ‘ಸಂಜೆ ಮೊಮ್ಮಗನನ್ನು ಟ್ಯೂಷನ್‌ಗೆ ಬಿಡಲು ಹೇಗೂ ನಡೆಯುತ್ತೇನಲ್ಲ.’ ಆ ವಾರಕ್ಕೆ ಅದೇ ಸಾಕು, ಒಂದೇ ಹೆಜ್ಜೆ. ಕೊನೆಗೆ, ‘ಈಗ ನಾವು ಮಾತಾಡಿಕೊಂಡದ್ದನ್ನು ಮನೆಯಲ್ಲಿ ಮಗಳಿಗೆ ಹೇಗೆ ಹೇಳುತ್ತೀರಿ?’ ಎಂದು ಕೇಳಿ ಅವರಿಂದಲೇ ಹೇಳಿಸುತ್ತಾರೆ. ‘ಅರ್ಥವಾಯಿತೇ?’ ಎಂದು ಕೇಳಿದರೆ ಅರ್ಥವಾಗದವರೂ ‘ಹೂಂ’ ಎನ್ನುತ್ತಾರೆ.

ಆದರೆ ಎಷ್ಟು ನಯವಾಗಿ ಮಾತಾಡಿದರೂ ಖಾಲಿ ಡಬ್ಬಿಯಲ್ಲಿ ಬೇಳೆ ಹುಟ್ಟದು. ಕೊಂಡಿಯ ಕೆಲಸ ಶುರುವಾಗುವುದು ಅಲ್ಲಿಂದ. ಅದರ ಅತ್ಯಂತ ಗಟ್ಟಿಯಾದ ಕಥೆ ಅಮೆರಿಕದ ಮಿಸಿಸಿಪಿ ರಾಜ್ಯದ ಮೌಂಡ್ ಬಾಯೂ ಎಂಬ ಸಣ್ಣ ಊರಿನದು.

ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನ 1887ರಲ್ಲಿ ಕಟ್ಟಿಕೊಂಡ ಊರು ಅದು. ಸುತ್ತಲೂ ಹತ್ತಿ ಹೊಲಗಳು. 1960ರ ದಶಕದಲ್ಲಿ ಹತ್ತಿ ಬಿಡಿಸಲು ಯಂತ್ರ, ಕಳೆ ಕೊಲ್ಲಲು ರಾಸಾಯನಿಕ ಬಂದು ಗೇಣಿದಾರರ ಕೈಗೆ ಕೆಲಸವಿಲ್ಲದಂತಾಯಿತು. ಜ್ಯಾಕ್ ಗೈಗರ್ ಎಂಬ ವೈದ್ಯರು ಟಫ್ಟ್ಸ್ ವಿಶ್ವವಿದ್ಯಾಲಯದ ನೆರವಿನಿಂದ 1967ರಲ್ಲಿ ಅಲ್ಲಿ ಒಂದು ಆರೋಗ್ಯ ಕೇಂದ್ರ ತೆರೆದರು. ಬಂದ ಮಕ್ಕಳಲ್ಲಿ ಭೇದಿ, ಸೋಂಕು, ಅದರ ಬೆನ್ನಿಗೆ ಹಸಿವು. ಗುಣಪಡಿಸಿ ಕಳುಹಿಸಿದ ಮಗು ಮತ್ತೆ ಅದೇ ಸ್ಥಿತಿಯಲ್ಲಿ ಬರುತ್ತಿತ್ತು. ಆಗ ಅಲ್ಲಿನ ವೈದ್ಯರು ಔಷಧದ ಚೀಟಿಯ ಮೇಲೆಯೇ ಹಾಲು ಇಷ್ಟು, ತರಕಾರಿ ಇಷ್ಟು, ಮಾಂಸ ಇಷ್ಟು, ಮೊಟ್ಟೆ ಇಷ್ಟು ಎಂದು ಬರೆಯತೊಡಗಿದರು. ಊರಿನ ದಿನಸಿ ಅಂಗಡಿಗಳಲ್ಲಿ ಆ ಚೀಟಿ ತೋರಿಸಿದರೆ ಸಾಮಾನು ಸಿಗುತ್ತಿತ್ತು. ಬಿಲ್ಲು ಆರೋಗ್ಯ ಕೇಂದ್ರದ ಔಷಧ ಖಾತೆಗೆ.

ಸುದ್ದಿ ವಾಷಿಂಗ್ಟನ್ ಮುಟ್ಟಿತು. ಔಷಧದ ಹಣ ರೋಗ ಗುಣಪಡಿಸಲಿಕ್ಕೆ ಇರುವುದು, ದಿನಸಿಗೆ ಹೇಗೆ ಖರ್ಚು ಮಾಡಿದಿರಿ ಎಂದು ಅಧಿಕಾರಿ ಕೇಳಿದರು. ತಾನು ಓದಿದ ಪುಸ್ತಕದ ಪ್ರಕಾರ ಅಪೌಷ್ಟಿಕತೆಗೆ ಇರುವ ಔಷಧ ಆಹಾರವೇ ಎಂದು ಗೈಗರ್ ಉತ್ತರ ಕೊಟ್ಟರು. ಅಧಿಕಾರಿ ಸುಮ್ಮನೆ ಹಿಂದಿರುಗಿದರು. ಕಥೆ ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತದೆ. ಉತ್ತರ ಅಷ್ಟು ಚುರುಕಾಗಿದೆ. ನನಗೆ ಮುಖ್ಯವೆನಿಸುವುದು ಅದರ ಮುಂದಿನ ಭಾಗ. ಚೀಟಿ ಬರೆದು ಬರೆದು ಎಷ್ಟು ದಿನ? ಕೇಂದ್ರದ ಸಮುದಾಯ ಸಂಘಟಕ ಜಾನ್ ಹ್ಯಾಚ್ ಅವರ ಜೊತೆಗೂಡಿ ಅಲ್ಲಿನ ಕುಟುಂಬಗಳು ಸಹಕಾರಿ ಬೇಸಾಯ ಸಂಘ ಕಟ್ಟಿ, ಹತ್ತಿಯ ನೆಲದಲ್ಲಿ ತರಕಾರಿ ಬೆಳೆದರು. ಆರೋಗ್ಯ ಕೇಂದ್ರವೇ ಬಾವಿ ತೋಡಿಸಿತು, ಶೌಚಾಲಯ ಕಟ್ಟಿಸಿತು. ಕೊಂಡಿ ಹಾಕಲು ಆಚೆ ಬದಿಯಲ್ಲಿ ಏನೂ ಇಲ್ಲದಿದ್ದಾಗ ಅವರು ಆಚೆ ಬದಿಯನ್ನೇ ಕಟ್ಟಿದರು. ಗೈಗರ್ ಈ ಪಾಠ ಕಲಿತದ್ದು ಅಮೆರಿಕದಲ್ಲಿ ಅಲ್ಲ. ವಿದ್ಯಾರ್ಥಿಯಾಗಿದ್ದಾಗ 1957ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹೋಗಿ, ಸಿಡ್ನಿ ಮತ್ತು ಎಮಿಲಿ ಕಾರ್ಕ್ ದಂಪತಿ 1940ರಲ್ಲಿ ಪೊಲೇಲಾದಲ್ಲಿ ಶುರುಮಾಡಿದ್ದ ಕೇಂದ್ರವನ್ನು ಅವರು ನೋಡಿದ್ದರು. ಅಲ್ಲಿ ಆಗಲೇ ಕೈತೋಟ ಮಾಡಿಸುವುದು ಚಿಕಿತ್ಸೆಯ ಭಾಗವಾಗಿತ್ತು.

ಮುಂದಿನ ಚರಿತ್ರೆಯನ್ನು ಬೇಗ ದಾಟಬಹುದು. 1996ರಲ್ಲಿ ಬಾಸ್ಟನ್‌ನಲ್ಲಿ ರೆಬೆಕಾ ಓನಿ ಎಂಬ ವಿದ್ಯಾರ್ಥಿನಿ, ಮಕ್ಕಳ ವೈದ್ಯ ಬ್ಯಾರಿ ಝುಕರ್‌ಮನ್ ಜೊತೆ ಸೇರಿ ಆಸ್ಪತ್ರೆಯ ಕಾಯುವ ಕೊಠಡಿಯಲ್ಲೇ ಮೇಜು ಹಾಕಿ ಕಾಲೇಜು ವಿದ್ಯಾರ್ಥಿಗಳನ್ನು ಕೂರಿಸಿದರು. ವೈದ್ಯರು ‘ಮನೆಗೆ ಶಾಖ ಬೇಕು’, ‘ಆಹಾರ ಬೇಕು’ ಎಂದು ಬರೆದು ಕಳುಹಿಸಿದರೆ ಅರ್ಜಿ ತುಂಬಿಸಿ, ಫೋನ್ ಮಾಡಿ, ಬೆನ್ನುಹತ್ತುವುದು ಆ ವಿದ್ಯಾರ್ಥಿಗಳ ಕೆಲಸ. ಲಂಡನ್ನಿನ ಪೂರ್ವ ಭಾಗದ ಬ್ರಾಮ್ಲಿ ಬೈ ಬೋ ಕೇಂದ್ರ 1984ರಲ್ಲಿ ಒಂದು ಚರ್ಚಿನ ಸುತ್ತ ಹುಟ್ಟಿತು. ಉದ್ಯಾನ, ಕಾಫಿ ಅಂಗಡಿ, ಕಲಾ ತರಗತಿ ಮೊದಲು ಬಂದವು, ಕ್ಲಿನಿಕ್ ಅವುಗಳ ನಡುವೆ ಆಮೇಲೆ ಸೇರಿಕೊಂಡಿತು. ಆ ಅನುಭವಗಳೆಲ್ಲ ಒಟ್ಟಾಗಿ 2019ರ ಜನವರಿಯಲ್ಲಿ ಇಂಗ್ಲೆಂಡಿನ ಆರೋಗ್ಯ ಸೇವೆ ತನ್ನ ದೀರ್ಘಾವಧಿ ಯೋಜನೆಯಲ್ಲಿ ಲಿಂಕ್ ವರ್ಕರ್‌ಗಳಿಗೆ ಅಧಿಕೃತ ಜಾಗ ಕೊಟ್ಟಿತು. ಐದು ವರ್ಷದೊಳಗೆ 9 ಲಕ್ಷ ಜನರನ್ನು ಅವರ ಬಳಿ ಕಳುಹಿಸುವ ಗುರಿ ಹಾಕಿಕೊಂಡಿತು. ಅಲ್ಲಿನ ವೈದ್ಯರ ಬಳಿ ಒಂಟಿತನ, ಸಾಲ, ಮನೆ ಬಾಡಿಗೆಯ ಚಿಂತೆ ಹೊತ್ತು ಬರುವವರೂ ಬಹಳ ಮಂದಿ. ಅದಕ್ಕೆಲ್ಲ ಗುಳಿಗೆ ಬರೆಯುವುದು ಬೇಡವೆಂಬ ಲೆಕ್ಕಾಚಾರ ಅದರ ಹಿಂದಿತ್ತು.

ಹಾಗಾದರೆ ಇದರಿಂದ ಗುಣ ಕಾಣುತ್ತದೆಯೇ? ಈ ಪ್ರಶ್ನೆಗೆ ಹಾರಿಕೆಯ ಉತ್ತರ ಕೊಡುವವರೇ ಹೆಚ್ಚು. ಅಮೆರಿಕದ ನ್ಯೂಜೆರ್ಸಿ ರಾಜ್ಯದ ಕ್ಯಾಮ್ಡನ್ ಎಂಬ ಬಡ ಊರಿನಲ್ಲಿ ಜೆಫ್ರಿ ಬ್ರೆನ್ನರ್ ಎಂಬ ವೈದ್ಯರ ತಂಡ, ಪದೇ ಪದೇ ಆಸ್ಪತ್ರೆ ಸೇರುವ ರೋಗಿಗಳನ್ನು ಗುರುತಿಸಿತು. ದಾದಿಯರು, ಸಮಾಜ ಕಾರ್ಯಕರ್ತರು, ಸಮುದಾಯದ ಆರೋಗ್ಯ ಕಾರ್ಯಕರ್ತರು ಮನೆಗೇ ಹೋಗಿ, ವೈದ್ಯರ ಬಳಿ ಕರೆದೊಯ್ದು, ಸರ್ಕಾರಿ ಸವಲತ್ತಿಗೆ ಅರ್ಜಿ ಹಾಕಿಸಿದರು. ಮೊದಲಿನ ವರದಿಗಳು ಅಚ್ಚರಿ ಹುಟ್ಟಿಸಿದವು. ಆಸ್ಪತ್ರೆ ಭೇಟಿ ಭಾರೀ ಇಳಿದಂತೆ ಕಂಡಿತು. ಆಮೇಲೆ 800 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಈ ನೆರವು, ಇನ್ನೊಂದಕ್ಕೆ ಎಂದಿನ ಆರೈಕೆ ಕೊಟ್ಟು ಹೋಲಿಸಿದರು. 2020ರ ಜನವರಿಯಲ್ಲಿ ಫಲಿತಾಂಶ ಪ್ರಕಟವಾಯಿತು: ಆರು ತಿಂಗಳೊಳಗೆ ಮತ್ತೆ ಆಸ್ಪತ್ರೆ ಸೇರಿದವರು ನೆರವು ಪಡೆದ ಗುಂಪಿನಲ್ಲಿ ಶೇ 62.3, ಪಡೆಯದ ಗುಂಪಿನಲ್ಲಿ ಶೇ 61.7. ವ್ಯತ್ಯಾಸವೇ ಇಲ್ಲ.

ಮೊದಲು ಕಂಡ ಇಳಿಕೆ ಹಾಗಾದರೆ ಏನು? ಜ್ವರ 104ಕ್ಕೆ ಏರಿದ ರಾತ್ರಿ ಹರಕೆ ಹೊತ್ತರೆ, ಮರುದಿನ ಜ್ವರ ಇಳಿದದ್ದಕ್ಕೆ ದೇವರಿಗೆ ಕಾಯಿ ಒಡೆಯುತ್ತೇವೆ. ತುತ್ತತುದಿಗೆ ಏರಿದ್ದು ಹೇಗೂ ಸ್ವಲ್ಪ ಇಳಿಯುತ್ತದೆ. ತೀರಾ ಕೆಟ್ಟ ವರ್ಷದಲ್ಲಿ ಇರುವ ರೋಗಿಗಳನ್ನೇ ಆಯ್ದುಕೊಂಡರೆ ಮುಂದಿನ ವರ್ಷ ಅವರಲ್ಲಿ ಹಲವರಿಗೆ ತಾನಾಗಿಯೇ ವಾಸಿ. ಪಕ್ಕದಲ್ಲಿ ಹೋಲಿಕೆಯ ಗುಂಪು ಇಲ್ಲದ ಯಾವ ಯಶೋಗಾಥೆಯನ್ನು ಕೇಳಿದರೂ ನಾನು ಈ 800 ಜನರನ್ನು ನೆನೆಯುತ್ತೇನೆ. ಆ ತಂಡ ಫಲಿತಾಂಶವನ್ನು ಮುಚ್ಚಿಡಲಿಲ್ಲ. ರೋಗಿಗಳಿಗೆ ಬೇಕಾಗಿದ್ದ ಮನೆ, ವ್ಯಸನ ಬಿಡಿಸುವ ಚಿಕಿತ್ಸೆ ಆ ಊರಿನಲ್ಲಿ ಸಾಕಷ್ಟು ಇರಲೇ ಇಲ್ಲ ಎಂದೂ ಹೇಳಿಕೊಂಡಿತು. ಸೇತುವೆ ಇತ್ತು, ಆಚೆ ದಡ ಇರಲಿಲ್ಲ.

ಅಮೆರಿಕದ ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ ದೊಡ್ಡ ಪ್ರಯೋಗವೂ ಹೀಗೇ ಎರಡು ದನಿಯಲ್ಲಿ ಮಾತಾಡಿತು. ವಸತಿ, ಆಹಾರ, ಸಾರಿಗೆ, ವಿದ್ಯುತ್ ಮತ್ತು ನೀರಿನ ಬಿಲ್ಲು, ಮನೆಯೊಳಗಿನ ಸುರಕ್ಷತೆ ಎಂಬ ಐದು ವಿಷಯಗಳಲ್ಲಿ ರೋಗಿಗಳನ್ನು ಪ್ರಶ್ನಿಸಿ, ಕೊರತೆ ಕಂಡವರಿಗೆ ದಾರಿ ತೋರಿಸಲು ಜನ ನೇಮಿಸಲಾಯಿತು. ಮೊದಲ ಮೌಲ್ಯಮಾಪನದಲ್ಲಿ ಹಿರಿಯರ ತುರ್ತು ಚಿಕಿತ್ಸಾ ಭೇಟಿ ಶೇ 9ರಷ್ಟು ಕಡಿಮೆಯಾದದ್ದು ಕಂಡಿತು. ಆದರೆ ಇಡೀ ವರ್ಷ ಈ ನೆರವು ಪಡೆದ ರೋಗಿಗಳಲ್ಲಿಯೂ, ಒಂದಾದರೂ ಕೊರತೆ ನೀಗಿದ ದಾಖಲೆ ಇದ್ದದ್ದು ಶೇ 14 ಮಂದಿಗೆ ಮಾತ್ರ.

ಆಚೆ ದಡದಲ್ಲಿ ನಿಜವಾಗಿಯೂ ಏನಾದರೂ ಇದ್ದರೆ? ಅದಕ್ಕೆ ಉತ್ತರ ನಮ್ಮ ದೇಶದಲ್ಲೇ ಇದೆ, ಅದರಲ್ಲಿ ಮಂಗಳೂರಿನ ಪಾಲೂ ಇದೆ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ ಜಾರ್ಖಂಡ್‌ನ ನಾಲ್ಕು ಜಿಲ್ಲೆಗಳಲ್ಲಿ ಕ್ಷಯರೋಗಿಗಳ ಕುಟುಂಬಗಳ ನಡುವೆ ನಡೆಸಿದ ಅಧ್ಯಯನ 2023ರ ಆಗಸ್ಟ್‌ನಲ್ಲಿ ಪ್ರಕಟವಾಯಿತು. 2,800 ರೋಗಿಗಳು, ಅವರ ಮನೆಗಳಲ್ಲಿದ್ದ 10,345 ಮಂದಿ. ರೋಗಿಗಳೆಲ್ಲರಿಗೂ ತಿಂಗಳಿಗೊಂದು ದಿನಸಿ ಚೀಲ. ಅರ್ಧದಷ್ಟು ಕುಟುಂಬಗಳಲ್ಲಿ ಮಾತ್ರ ಮನೆಯ ಉಳಿದವರಿಗೂ ತಲಾ 5 ಕಿಲೊ ಅಕ್ಕಿ, ಒಂದೂವರೆ ಕಿಲೊ ಬೇಳೆ, ಜೊತೆಗೆ ಪೋಷಕಾಂಶದ ಗುಳಿಗೆ. ಹೊಸ ಔಷಧವಿಲ್ಲ, ಹೊಸ ಯಂತ್ರವಿಲ್ಲ. ಹೀಗೆ ತಿಂದ ಮನೆಗಳಲ್ಲಿ ಉಳಿದವರಿಗೆ ಕ್ಷಯ ಅಂಟುವುದು ಒಟ್ಟಾರೆ ಶೇ 39ರಷ್ಟು, ಇತರರಿಗೆ ಹರಡಬಲ್ಲ ಬಗೆಯ ಕ್ಷಯ ಶೇ 48ರಷ್ಟು ಇಳಿಯಿತು. ರೋಗಿಗಳಲ್ಲಿ, ಮೊದಲ ಎರಡು ತಿಂಗಳಲ್ಲಿ ತೂಕ ಶೇ 5ರಷ್ಟು ಏರಿದವರ ಸಾವಿನ ಅಪಾಯ ಶೇ 61ರಷ್ಟು ಕಡಿಮೆ ಇತ್ತು. ಮೌಂಡ್ ಬಾಯೂ ಚೀಟಿಗೆ ಅರ್ಧ ಶತಮಾನದ ಮೇಲೆ ಬಂದ ರುಜು ಇದು.

ಕ್ಷಯರೋಗಿಗಳ ಪೋಷಣೆಗೆಂದು ನಮ್ಮ ಸರ್ಕಾರ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು. 2024ರ ನವೆಂಬರ್‌ನಿಂದ ಅದು 1,000 ಆಗಿದೆ. ಹಣ ನೇರ ಬ್ಯಾಂಕ್ ಖಾತೆಗೆ ಬರುತ್ತದೆ. ಕೇಳಲು ಸರಳ. ಆದರೆ ಖಾತೆ ವರ್ಷಗಟ್ಟಲೆ ನಿದ್ರಿಸಿದ್ದರೆ, ಆಧಾರ್‌ನಲ್ಲಿ ‘ಲಕ್ಷ್ಮಮ್ಮ’ ಪಾಸ್‌ಬುಕ್‌ನಲ್ಲಿ ‘ಲಕ್ಷ್ಮೀದೇವಿ’ ಆಗಿದ್ದರೆ, ಹಣ ಗಾಳಿಯಲ್ಲೇ ನೇತಾಡುತ್ತದೆ. ಆಗ ಬೇಕಾಗುವುದು ವೈದ್ಯರಲ್ಲ, ಬ್ಯಾಂಕಿನ ಕಿಟಕಿಯ ಮುಂದೆ ಜೊತೆಗೆ ನಿಲ್ಲುವ ಒಬ್ಬರು.

ಕರ್ನಾಟಕದಲ್ಲಿ ಆಚೆ ದಡ ಖಾಲಿಯೇನಲ್ಲ. ಪಡಿತರ ಇದೆ. ಹಿರಿಯರಿಗೆ ಸಂಧ್ಯಾ ಸುರಕ್ಷಾ ಪಿಂಚಣಿ ಇದೆ. ಬಾಣಂತಿಗೆ ಅಂಗನವಾಡಿ ಇದೆ. 2023ರ ಜೂನ್‌ನಿಂದ ಮಹಿಳೆಯರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಇದನ್ನು ಆರೋಗ್ಯ ಯೋಜನೆಯೆಂದು ಯಾರೂ ಕರೆಯುವುದಿಲ್ಲ, ಆದರೆ ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಜಿಲ್ಲಾ ಕೇಂದ್ರಕ್ಕೆ ಹೋಗುವ ಹೆಂಗಸನ್ನು ಕೇಳಿ ನೋಡಿ. ಮಾನಸಿಕ ಕಾಯಿಲೆಯವರಿಗೆ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಇದೆ. ಸ್ವಸಹಾಯ ಸಂಘಗಳಂತೂ ಬೀದಿಗೊಂದು.

ಇವೆಲ್ಲದರ ಪಟ್ಟಿ ಮಾಡಿ ಆಸ್ಪತ್ರೆಯ ಗೋಡೆಗೆ ಅಂಟಿಸಿದರೆ ಕೊಂಡಿ ಹಾಕಿದಂತಾಯಿತೇ? ಹೆಚ್ಚಿನವರು ಎಡವುವುದು ಇಲ್ಲೇ. ಕಳೆದ ವರ್ಷ ಸಂಬಂಧಿಕರೊಬ್ಬರಿಗೆ ಪಾರ್ಶ್ವವಾಯು ಆಗಿ, ಮನೆಗೆ ಬಿಡುವಾಗ ಒಂದು ಆಸ್ಪತ್ರೆಯವರು ಅಂದವಾಗಿ ಮುದ್ರಿಸಿದ ಎರಡು ಪುಟದ ಪಟ್ಟಿ ಕೊಟ್ಟರು: ಫಿಸಿಯೊಥೆರಪಿ, ಅಂಗವಿಕಲರ ಕಾರ್ಡು, ಆಪ್ತ ಸಮಾಲೋಚನೆ. ನಾನು ಕೂತು ಫೋನ್ ಮಾಡಿದೆ. ಒಂದು ನಂಬರು ಚಾಲ್ತಿಯಲ್ಲಿರಲಿಲ್ಲ. ಇನ್ನೊಂದನ್ನು ಎತ್ತಿದವರು ಕೋಳಿ ಅಂಗಡಿಯವರು. ದಿನಕ್ಕೆ ಇಂಥ ಎರಡು ಕರೆ ಬರುತ್ತವೆ ಎಂದು ಬೇಸರಪಟ್ಟುಕೊಂಡರು. ಓದು ಬರಹ ಬಲ್ಲ, ಬಿಡುವಿರುವ ನನಗೇ ಅಂಗವಿಕಲರ ಕಾರ್ಡಿನ ಕೆಲಸ ಮುಗಿಸಲು ಐದು ಸಲ ಓಡಾಡಬೇಕಾಯಿತು. ಅರ್ಧ ದೇಹ ಸ್ವಾಧೀನವಿಲ್ಲದ ಒಂಟಿ ಮನುಷ್ಯನಾಗಿದ್ದರೆ ಮೊದಲ ಸಲಕ್ಕೇ ಕೈಬಿಡುತ್ತಿದ್ದ. ಪಟ್ಟಿ ಹಾಲಿನಂತೆ, ಬೇಗ ಹುಳಿಯಾಗುತ್ತದೆ. ಅದನ್ನು ತಾಜಾ ಇಡಲು ಯಾರಾದರೂ ತಿಂಗಳಿಗೊಮ್ಮೆಯಾದರೂ ಎಲ್ಲ ಬಾಗಿಲೂ ತಟ್ಟಿ ನೋಡುತ್ತಿರಬೇಕು. ಕಳುಹಿಸಿದ ರೋಗಿ ತಲುಪಿದರೋ, ಅಲ್ಲಿ ಕೆಲಸವಾಯಿತೋ ಎಂದು ವಿಚಾರಿಸಬೇಕು. ಆಗಲಿಲ್ಲವೆಂದರೆ ಆ ಸುದ್ದಿ ವೈದ್ಯರಿಗೂ ತಲುಪಬೇಕು. ಕೊಂಡಿ ಎರಡೂ ಕಡೆಗೆ ಎಳೆಯಬೇಕಲ್ಲ.

ನಮ್ಮಲ್ಲಿ ಈ ಕೆಲಸಕ್ಕೆ ಪ್ರತ್ಯೇಕ ಹುದ್ದೆಯಿಲ್ಲ, ಆದರೆ ಕೆಲಸ ನಿಂತಿಲ್ಲ. ದೊಡ್ಡ ಆಸ್ಪತ್ರೆಗಳಲ್ಲಿ ಆರೋಗ್ಯ ಮಿತ್ರರಿದ್ದಾರೆ. ವಿಮೆಯ ಕಾಗದದಲ್ಲೇ ಅವರ ದಿನ ಮುಗಿಯುತ್ತದೆ. ಉಳಿದದ್ದೆಲ್ಲ ಬೀಳುವುದು ಆಶಾ ಕಾರ್ಯಕರ್ತೆಯ ಮೇಲೆ. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ಜೊತೆ ಬಂದ, ಸುಮಾರು ಸಾವಿರ ಜನರಿಗೊಬ್ಬರ ಲೆಕ್ಕದಲ್ಲಿ ಅದೇ ಊರಿನಿಂದ ಆರಿಸಿದ ಹೆಣ್ಣುಮಕ್ಕಳು ಇವರು. ಯಾರ ಮನೆಯ ಒಲೆ ಎಷ್ಟು ಹೊತ್ತಿಗೆ ಉರಿಯುತ್ತದೆ, ಯಾರ ಗಂಡ ಕೈ ಎತ್ತುತ್ತಾನೆ, ಪಂಚಾಯಿತಿಯಲ್ಲಿ ಯಾವ ಗುಮಾಸ್ತರನ್ನು ಹಿಡಿದರೆ ಕೆಲಸವಾಗುತ್ತದೆ, ಇದೆಲ್ಲ ಅವರಿಗೆ ಗೊತ್ತು. ಲಂಡನ್ನಿನ ಲಿಂಕ್ ವರ್ಕರ್ ತಿಂಗಳುಗಟ್ಟಲೆ ತಿರುಗಿ ಸಂಪಾದಿಸುವ ತಿಳಿವಳಿಕೆ ಇವರಿಗೆ ಬಾಳುವ ಊರಿನಿಂದಲೇ ಬಂದಿದೆ. ಆದರೆ ಅವರಿಗೆ ಸಂಬಳವಿಲ್ಲ. ಗೌರವಧನ, ಮತ್ತು ಎಣಿಸಬಹುದಾದ ಕೆಲಸಕ್ಕೆ ಪ್ರೋತ್ಸಾಹಧನ. ಹೆರಿಗೆ ಎಣಿಸಬಹುದು, ಲಸಿಕೆ ಎಣಿಸಬಹುದು. ಜಗುಲಿಯ ಮೇಲೆ ಮುಕ್ಕಾಲು ಗಂಟೆ ಕೂತು ಅಜ್ಜಿಯ ದಿನಚರಿ ಕೇಳಿದ್ದನ್ನು ಯಾವ ಕಾಲಮ್ಮಿನಲ್ಲಿ ಬರೆಯುವುದು? 2025ರ ಜನವರಿಯಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಚಳಿಯಲ್ಲಿ ಕೂತು ತಿಂಗಳಿಗೆ 15,000 ರೂಪಾಯಿ ನಿಶ್ಚಿತ ಗೌರವಧನ ಕೇಳಿದರು. ಆ ಬೇಡಿಕೆಯನ್ನು ಕಾರ್ಮಿಕರ ಸಮಸ್ಯೆಯೆಂದಷ್ಟೇ ಓದಿದವರು ಹೆಚ್ಚು. ನನಗದು ಚಿಕಿತ್ಸೆಯ ಗುಣಮಟ್ಟದ ಪ್ರಶ್ನೆಯಾಗಿಯೂ ಕಂಡಿತು.

ಹೂವಿನ ಅಜ್ಜಿಯ ವಿಷಯಕ್ಕೆ ಬಂದರೆ, ಆ ಕಾರ್ಯಕರ್ತೆ ಇನ್ಸುಲಿನ್ ಬಗ್ಗೆ ತಾನೇ ಏನನ್ನೂ ನಿರ್ಧರಿಸಲಿಲ್ಲ. ವೈದ್ಯರ ಚೀಟಿಯನ್ನು ಮಗುಚಿ, ಅದರ ಹಿಂಬದಿಯಲ್ಲಿ ನೀಲಿ ಪೆನ್ನಿನಿಂದ ನಾಲ್ಕು ಸಾಲು ಬರೆದರು: ಏಳುವುದು 4ಕ್ಕೆ, ಸೂಜಿ 4.15ಕ್ಕೆ, ನಡುಕ 7ಕ್ಕೆ, ತಿಂಡಿ 10.30ಕ್ಕೆ. ಮುಂದಿನ ತಪಾಸಣೆಗೆ ಜೊತೆಗೆ ಹೋಗಿ ಆ ಬದಿಯನ್ನೇ ಮೇಲೆ ಮಾಡಿ ಮೇಜಿನ ಮೇಲಿಟ್ಟರು. ವೈದ್ಯರು ಓದಿ, ಅಜ್ಜಿಯ ಮುಖ ನೋಡಿ, ಸೂಜಿಯ ಹೊತ್ತನ್ನೂ ಪ್ರಮಾಣವನ್ನೂ ಬದಲಿಸಿದರು. ಅದಕ್ಕೆ ಎರಡು ನಿಮಿಷವೂ ಹಿಡಿಯಲಿಲ್ಲವಂತೆ. ಫ್ರಿಜ್‌ನ ಬದಲು ಒಂದು ಮಣ್ಣಿನ ಮಡಕೆಯೊಳಗೆ ಒದ್ದೆ ಮರಳು, ಅದರೊಳಗೆ ಚಿಕ್ಕ ಕುಡಿಕೆ, ಕುಡಿಕೆಯಲ್ಲಿ ಔಷಧ, ಮೇಲೆ ಒದ್ದೆ ಬಟ್ಟೆ. ಈಗ ಅಜ್ಜಿ ಸಂಜೆ ಹೂವಿಗೆ ನೀರು ಚಿಮುಕಿಸುವಾಗ ಮರಳಿಗೂ ಒಂದು ಲೋಟ ಹಾಕುತ್ತಾರೆ. ಸಂಧ್ಯಾ ಸುರಕ್ಷಾ ಅರ್ಜಿ ಮಾತ್ರ ವಯಸ್ಸಿನ ದಾಖಲೆಯ ಗೊಂದಲದಲ್ಲಿ ಇನ್ನೂ ನಾಡಕಚೇರಿಯಲ್ಲಿದೆ. ಬರುವ ಗುರುವಾರ ಇಬ್ಬರೂ ಮತ್ತೆ ಹೋಗುತ್ತಾರೆ. ಶುಕ್ರವಾರ ಹೂವಿಗೆ ಗಿರಾಕಿ ಜಾಸ್ತಿ, ಆ ದಿನ ಅಜ್ಜಿ ಎಲ್ಲಿಗೂ ಬರುವುದಿಲ್ಲ.